ಭೇದಿಯ ವಾರದಲ್ಲಿ ನೀರಿನ ಲೆಕ್ಕ

ಡಯಾಲಿಸಿಸ್ ವಿಭಾಗದಲ್ಲಿ ವರ್ಷಗಟ್ಟಲೆ ನರ್ಸ್ ಆಗಿ ಕೆಲಸ ಮಾಡಿದವರಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಎದುರಿಗೆ ಯಾರೇ ಬರಲಿ, ನಾವು ಮೊದಲು ಮುಖ ನೋಡುವುದಿಲ್ಲ, ಪಾದ ನೋಡುತ್ತೇವೆ. ಊದಿದೆಯೋ, ಚಪ್ಪಲಿ ಪಟ್ಟಿಯ ಗುರುತು ಅಚ್ಚೊತ್ತಿದೆಯೋ, ನೋಡಿದ ಕೂಡಲೇ ಈ ಮನುಷ್ಯ ಎಷ್ಟು ನೀರು ಕುಡಿದು ಬಂದಿದ್ದಾನೆ ಅನ್ನುವುದು ಗೊತ್ತಾಗುತ್ತದೆ. ಮದುವೆ ಮನೆಯಲ್ಲೂ ನಾನು ಹೀಗೆ ನೋಡಿ ನಮ್ಮತ್ತೆಯಿಂದ ಬೈಸಿಕೊಂಡಿದ್ದೇನೆ. ಆ ಬೇಸಿಗೆಯ ಸೋಮವಾರ ಬೆಳಿಗ್ಗೆ ನಮ್ಮ ರೋಗಿ, ನಿವೃತ್ತ ಬಸ್ ಕಂಡಕ್ಟರು ಒಳಗೆ ಬಂದಾಗ ಅವರ ಪಾದ ಒಣಗಿದ ಬಾಳೆಎಲೆಯ ಹಾಗೆ ಸುಕ್ಕಾಗಿತ್ತು. ಎರಡು ದಿನದ ಬಿಡುವಿನ ನಂತರ ಹಾಗಿರಬಾರದು.

ನಮ್ಮದು ದೊಡ್ಡಬಳ್ಳಾಪುರದ ಆಸ್ಪತ್ರೆಯೊಂದರ ಸಣ್ಣ ವಿಭಾಗ. ಆರು ಯಂತ್ರ. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಸರದಿಗೆ ಬರುವವರು ವರ್ಷಗಳಿಂದ ಅವರೇ. ಕಿಡ್ನಿ ಪೂರ್ತಿ ಕೆಟ್ಟವರಿಗೆ ಮೂತ್ರ ಬರುವುದೇ ನಿಂತಿರುತ್ತದೆ. ಕುಡಿದದ್ದೆಲ್ಲ ಮೈಯಲ್ಲೇ ಉಳಿದು, ಕೊನೆಗೆ ಶ್ವಾಸಕೋಶಕ್ಕೆ ಸೇರುತ್ತದೆ. ಆ ನೀರನ್ನು ನಾವು ಯಂತ್ರದಿಂದ ಎಳೆಯಬೇಕು. ಹೆಚ್ಚಿನ ನೀರೆಲ್ಲ ಹೋದ ಮೇಲೆ ಇರಬೇಕಾದ ತೂಕಕ್ಕೆ ಒಣ ತೂಕ ಎನ್ನುತ್ತೇವೆ. ದಿನಕ್ಕೆ ಇಷ್ಟೇ ನೀರು, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ ಎಂದು ನಾನು ಬೈದು, ಗದರಿಸಿ, ಗೋಗರೆದು ಕಲಿಸಿದ್ದೇನೆ. ಬಾಯಿ ತೀರಾ ಒಣಗಿದರೆ ಒಂದು ಚೂರು ಐಸ್ ಚೀಪಿ ಅನ್ನುವುದೂ ನಾವೇ ಕೊಟ್ಟ ಉಪಾಯ.

ಕಂಡಕ್ಟರಿಗೆ ಭಾನುವಾರದಿಂದ ಭೇದಿ. ಜ್ವರ, ಹೊಟ್ಟೆ ಹಿಂಡುವುದು, ಲೋಳೆಯ ಜೊತೆ ರಕ್ತದ ಗೆರೆ. ಮನೆಯವರು ಈ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದ್ದರು, ಎಳನೀರು ಕೊಟ್ಟಿದ್ದರು. ಒಂದಲ್ಲ, ಹೊತ್ತಿಗೊಂದು. ಬೇರೆಯವರಿಗೆ ಅಮೃತ, ಇವರಿಗೆ ವಿಷ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ, ಕಿಡ್ನಿ ಇಲ್ಲದ ಮೈ ಅದನ್ನು ಹೊರಗೆ ಹಾಕಲಾರದು, ಹೃದಯ ತಾಳ ತಪ್ಪಿ ನಿಂತುಬಿಡಬಹುದು. ಇಸಿಜಿ ತೆಗೆದರೆ ಗೆರೆಗಳು ಚೂಪಾಗಿ ಎದ್ದು ನಿಂತಿದ್ದವು. ಡ್ಯೂಟಿ ಡಾಕ್ಟರು ಹೃದಯ ಕಾಯುವ ಇಂಜೆಕ್ಷನ್ ಕೊಟ್ಟರು. ನಮ್ಮ ಟೆಕ್ನಿಷಿಯನ್ ಮೂಲೆಯ ಯಂತ್ರವನ್ನು ಅವರಿಗೆ ಬಿಟ್ಟುಕೊಟ್ಟು ಕೂಡಲೇ ಶುರು ಮಾಡಿದ. ಹತ್ತು ಗಂಟೆಯ ಹೊತ್ತಿಗೆ ಗೆರೆಗಳು ಇಳಿದವು. ಅಷ್ಟರಲ್ಲಿ ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಇನ್ನೊಬ್ಬರು ಹೊಟ್ಟೆ ಹಿಡಿದುಕೊಂಡು ಬಂದರು. ಅವರದೂ ಅದೇ ಕಥೆ.

ನನ್ನ ಬಾಯಿ ಜೋರು. ಸಿಟ್ಟು ಬಂದರೆ ಇನ್ನೂ ಜೋರು. ಆರು ಹಾಸಿಗೆಗೂ ಕೇಳುವ ಹಾಗೆ ನಿಂತು ಹೇಳಿದೆ. ಭೇದಿ ಆಯಿತು ಅಂತ ಎಳನೀರು ಮುಟ್ಟಬಾರದು, ಬಾಳೆಹಣ್ಣು ತಿನ್ನಬಾರದು, ಮೆಡಿಕಲ್ ಶಾಪಿನಲ್ಲಿ ಭೇದಿ ನಿಲ್ಲಿಸುವ ಮಾತ್ರೆ ತಗೊಳ್ಳಬಾರದು, ನೀರಿನ ಲೆಕ್ಕ ಯಾರೂ ಮರೆಯಬಾರದು. ಕಿಟಕಿ ಪಕ್ಕದ ಹಾಸಿಗೆಯಿಂದ ನೇಕಾರಮ್ಮ ತಲೆಯಾಡಿಸಿದರು. ಗಂಡ ಹೆಂಡತಿ ಮನೆಯಲ್ಲೇ ಎರಡು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುವವರು. ನಮ್ಮಲ್ಲಿ ಅವರಷ್ಟು ಮಾತು ಕೇಳುವ ರೋಗಿ ಇನ್ನೊಬ್ಬರಿಲ್ಲ. ಉಪ್ಪಿನಕಾಯಿ ಬಿಡಿ ಅಂದರೆ ಭರಣಿಯನ್ನೇ ಪಕ್ಕದ ಮನೆಗೆ ಕೊಟ್ಟುಬಂದವರು. ನೀರಿಗೆ ಒಂದು ಸ್ಟೀಲ್ ಲೋಟ ಇಟ್ಟುಕೊಂಡು ಅದರಾಚೆ ಹೋದವರಲ್ಲ. ಬೇರೆಯವರಿಗೆ ಬುದ್ಧಿ ಹೇಳುವಾಗ ನಾನು ಯಾವಾಗಲೂ ಅವರ ಕಡೆ ಕೈ ತೋರಿಸುತ್ತಿದ್ದೆ.

ಮಧ್ಯಾಹ್ನ ಆಡಳಿತದವರು ಕರೆಸಿದರು. ಒಂದೇ ಸರದಿಯಲ್ಲಿ ಇಬ್ಬರಿಗೆ ಭೇದಿ ಅಂದರೆ ನಮ್ಮ ನೀರು ಶುದ್ಧ ಮಾಡುವ ಘಟಕದ್ದೇ ತಪ್ಪಿರಬೇಕು, ಎರಡು ಮೂರು ದಿನ ವಿಭಾಗ ಮುಚ್ಚಿಬಿಡೋಣ ಅಂದರು. ಟೆಕ್ನಿಷಿಯನ್ ಬೆಳಿಗ್ಗೆಯೇ ಆ ನೀರಿನಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿದ್ದ, ಸರಿಯಾಗಿತ್ತು. ಅದಲ್ಲದೆ ಆ ನೀರು ಯಾರ ಹೊಟ್ಟೆಗೂ ಹೋಗುವುದಿಲ್ಲ, ರಕ್ತದ ಪಕ್ಕದಲ್ಲಿ ಪೊರೆಯಾಚೆ ಹರಿಯುತ್ತದೆ. ಅದು ಕೆಟ್ಟಿದ್ದರೆ ಯಂತ್ರಕ್ಕೆ ಹಾಕಿದ ಸ್ವಲ್ಪ ಹೊತ್ತಿಗೇ ಚಳಿ, ನಡುಕ ಬರಬೇಕಿತ್ತು. ಇವರಿಗೆ ಮನೆಯಲ್ಲಿ, ಅದೂ ಬಿಡುವಿನ ದಿನ ಶುರುವಾಗಿದೆ. ಇದನ್ನೆಲ್ಲ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಮುಚ್ಚುವುದಾದರೆ ಈ ಜನರನ್ನು ಬೆಂಗಳೂರಿನಲ್ಲಿ ಯಾರು ಸೇರಿಸಿಕೊಳ್ಳುತ್ತಾರೆ, ಭೇದಿ ಇರುವ ರೋಗಿ ಅಂದರೆ ಯಾರು ಬಾಗಿಲು ತೆಗೆಯುತ್ತಾರೆ ಅಂತ ಕೇಳಿದೆ. ಬುಧವಾರದವರೆಗೆ ನೋಡೋಣ ಅಂದರು.

ಅಷ್ಟು ಸಿಕ್ಕಿದ್ದೇ ಸಾಕು ಎಂದು ಕೆಲಸಕ್ಕಿಳಿದೆವು. ಭೇದಿಯವರಿಗೆ ಮೂಲೆಯ ಯಂತ್ರ, ಬೇರೆ ಬೆಡ್‌ಪ್ಯಾನ್, ಬೇರೆ ಶೌಚಾಲಯ. ಗೋಡೆಯಲ್ಲಿ ನೇತಾಡುವ ಸ್ಯಾನಿಟೈಸರ್ ಒತ್ತಿಕೊಂಡು ಓಡುವುದು ನಮ್ಮವರ ಅಭ್ಯಾಸ. ಎಲ್ಲ ಭೇದಿಯ ರೋಗಾಣುವೂ ಅದಕ್ಕೆ ಸಾಯುವುದಿಲ್ಲ. ಬಂದಿರುವುದು ಯಾವುದೆಂದು ಗೊತ್ತಾಗುವವರೆಗೆ ಸೋಪು ಹಚ್ಚಿ ಕೈ ತೊಳೆಯಲೇಬೇಕೆಂದು ಕಟ್ಟಪ್ಪಣೆ ಮಾಡಿದೆ. ಹಾಸಿಗೆಯ ಕಂಬಿ, ಬಾಗಿಲ ಚಿಲಕ, ಬಿಪಿ ಪಟ್ಟಿ, ಯಂತ್ರದ ಗುಂಡಿಗಳು ಎಲ್ಲವನ್ನೂ ಬ್ಲೀಚ್ ನೀರಿನಲ್ಲಿ ಒರೆಸಿದೆವು. ಇಬ್ಬರ ಮಲವನ್ನೂ ಕಲ್ಚರ್ ಪರೀಕ್ಷೆಗೆ ಕಳಿಸಿದೆವು. ಫಲಿತಾಂಶಕ್ಕೆ ಕೆಲವು ದಿನ ಬೇಕು, ರೋಗಾಣು ತಟ್ಟೆಯಲ್ಲಿ ಬೆಳೆದು ತೋರಿಸಬೇಕಲ್ಲ. ಇಬ್ಬರಿಗೂ ಏನು ತಿಂದಿರಿ, ಎಲ್ಲಿ ತಿಂದಿರಿ ಎಂದು ತಿರುತಿರುಗಿ ಕೇಳಿದೆ. ಒಬ್ಬರ ಊರು ದೇವನಹಳ್ಳಿ ಕಡೆ, ಇನ್ನೊಬ್ಬರದು ಇಲ್ಲೇ ಪಕ್ಕದ ಹಳ್ಳಿ. ಊಟ ಬೇರೆ, ನೀರು ಬೇರೆ. ಇಬ್ಬರಿಗೂ ಸಮಾನವಾದದ್ದು ನಮ್ಮ ವಿಭಾಗ ಒಂದೇ. ಹಾಗಾದರೆ ನಮ್ಮ ಕುಡಿಯುವ ನೀರಿನ ಕ್ಯಾನಿನಿಂದಲೋ, ನಮ್ಮ ಕೈಗಳಿಂದಲೋ ಹೋಗಿರಬೇಕು ಎಂಬ ಹೆದರಿಕೆ ನನ್ನನ್ನು ಕೊರೆಯುತ್ತಿತ್ತು. ಆರೋಗ್ಯವಂತರಿಗೆ ಒಂದು ದಿನ ಹೊಟ್ಟೆ ಕೆಟ್ಟು ಹೋಗುವ ಸೋಂಕು ಇವರಿಗೆ ಜೀವಕ್ಕೆ ಬರುತ್ತದೆ. ಇವರ ಮೈಯ ಕಾವಲು ಮೊದಲೇ ಸೋತಿರುತ್ತದೆ. ಜೊತೆಗೆ ಎಲ್ಲರೂ ನುಂಗುವ ಗ್ಯಾಸ್ ಮಾತ್ರೆ ಹೊಟ್ಟೆಯ ಹುಳಿಯನ್ನೂ ಕಡಿಮೆ ಮಾಡಿಟ್ಟಿರುತ್ತದೆ. ಒಳಗೆ ಬಂದ ರೋಗಾಣುವನ್ನು ತಡೆಯುವವರೇ ಇರುವುದಿಲ್ಲ.

ಬುಧವಾರ ನೇಕಾರಮ್ಮ ಬಂದರು. ಗಂಡ ಸ್ಕೂಟರಿನಿಂದ ಇಳಿಸಿ ಹೆಗಲು ಕೊಟ್ಟು ಕರೆತಂದರು. ಕಣ್ಣು ಗುಳಿ ಬಿದ್ದಿತ್ತು, ತುಟಿ ಸೀಳಿತ್ತು. ತೂಕದ ಮೇಲೆ ನಿಲ್ಲಿಸಿದರೆ ಒಣ ತೂಕಕ್ಕಿಂತ ಎರಡು ಕಿಲೋ ಕಡಿಮೆ. ಬಿಪಿಯ ಮೇಲಿನ ಅಂಕಿಯೇ ಎಂಬತ್ತರ ಹತ್ತಿರ. ನಾನು ಅವರ ಬಲ ತೋಳಿನ ಮೇಲೆ ಬೆರಳಿಟ್ಟೆ, ಇನ್ನೊಮ್ಮೆ ಒತ್ತಿ ನೋಡಿದೆ.

ಆ ತೋಳಿನ ವಿಷಯ ಹೇಳಬೇಕು. ಡಯಾಲಿಸಿಸ್ ಮಾಡಲು ರಕ್ತ ಜೋರಾಗಿ ಹರಿಯುವ ನಾಳ ಬೇಕು. ಅದಕ್ಕೆ ಕೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸಿ ಹೊಲಿಯುತ್ತಾರೆ, ಅದೇ ಫಿಸ್ಟುಲಾ. ಅದರ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಎಂದು ಝೇಂಕರಿಸುತ್ತಿರುತ್ತದೆ. ಆ ಝೇಂಕಾರ ಇದ್ದರೆ ರೋಗಿಗೆ ದಾರಿ ಇದೆ ಅಂತ ಅರ್ಥ. ನೇಕಾರಮ್ಮನ ಎಡಗೈಯಲ್ಲಿ ಎರಡು ಸಲ ಮಾಡಿದ್ದು ಕಟ್ಟಿಹೋಗಿತ್ತು. ಬಲ ತೋಳಿನದು ಉಳಿದಿದ್ದ ಒಂದೇ ಒಳ್ಳೆಯ ದಾರಿ. ಬಿಪಿ ಬಿದ್ದು, ರಕ್ತ ಮಂದವಾಗಿ, ಅದೂ ಹೆಪ್ಪುಗಟ್ಟಿದರೆ ಮುಂದೆ ಕತ್ತಿಗೆ ಕೊಳವೆ, ಕೊಳವೆಗೆ ಸೋಂಕು. ಅಲ್ಲಿಂದಾಚೆಗೆ ಎಷ್ಟು ದಿನ ಅಂತ ನಾವು ರೋಗಿಗಳ ಮುಂದೆ ಮಾತಾಡುವುದಿಲ್ಲ. ಈಗ ನನ್ನ ಬೆರಳಿಗೆ ಸಿಕ್ಕಿದ್ದು ಬರೀ ಒಂದು ಸಣ್ಣ ಕಂಪನ. ಅದೂ ಇದೆಯೋ, ನನ್ನ ಬೆರಳಿನದೇ ನಾಡಿಯೋ ತಿಳಿಯಲಿಲ್ಲ.

ಭೇದಿ ಯಾವಾಗಿಂದ ಅಂತ ಕೇಳಿದೆ. ಸೋಮವಾರ ಸಂಜೆಯಿಂದ ಅಂದರು.

"ನೀರೆಷ್ಟು ಕುಡಿದ್ರಿ?"

"ಕುಡೀಲಿಲ್ಲ ಸಿಸ್ಟರ್. ಲೆಕ್ಕ ಮರೀಬೇಡಿ ಅಂದ್ರಲ್ಲ ನೀವು. ಭೇದಿ ಬೇರೆ ಆಗ್ತಿದೆ, ಕುಡುದ್ರೆ ಇನ್ನೂ ಜಾಸ್ತಿ ಆಗತ್ತೇನೋ ಅಂತ ಆ ಲೋಟನೂ ಮುಟ್ಟಲಿಲ್ಲ."

"ಕೈ ಸಪ್ಪಗಾಗಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ. ದಿನಾ ಎದ್ದು ಮುಟ್ಟಿ ನೋಡ್ಕೋತೀನಲ್ಲ, ಮಗ್ಗ ಆಫ್ ಮಾಡ್ದಂಗಿತ್ತು."

"ಮತ್ತೆ ನಿನ್ನೆನೇ ಬರೋಕೇನಾಗಿತ್ತಮ್ಮ?"

"ನಿನ್ನೆ ನನ್ ಸರದಿ ಅಲ್ವಲ್ಲ ಸಿಸ್ಟರ್."

ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಳನೀರು ಕುಡಿಯಬೇಡಿ ಅಂದವಳು ನಾನು, ಅದರ ಬದಲು ಏನು ಕುಡಿಯಬೇಕು ಅಂತ ಹೇಳಿರಲಿಲ್ಲ. ನೀರು ಮೈಯಲ್ಲಿ ನಿಲ್ಲುವವರಿಗೆ ಹೇಳುವ ಪಾಠವನ್ನೇ ನೀರು ಹರಿದುಹೋಗುತ್ತಿದ್ದವರಿಗೂ ಹೇಳಿದ್ದೆ, ಅಷ್ಟೇ. ಕೂತು ಕೊರಗಲು ಹೊತ್ತಿರಲಿಲ್ಲ.

ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು, ಆದರೆ ಅಂಜುಬುರುಕರು. ಕಿಡ್ನಿ ರೋಗಿಗೆ ಡ್ರಿಪ್ ಹಾಕಿ ಶ್ವಾಸಕೋಶಕ್ಕೆ ನೀರು ತುಂಬಿದರೆ ಯಾರು ಹೊಣೆ, ಆಂಬ್ಯುಲೆನ್ಸ್ ಕರೆಸಿ ಬೆಂಗಳೂರಿಗೆ ಕಳಿಸಿಬಿಡೋಣ ಅಂದರು. ಅವರ ಭಯ ಸುಳ್ಳಲ್ಲ. ಈ ಊರಿನ ಎಷ್ಟೋ ಕ್ಲಿನಿಕ್‌ಗಳಲ್ಲಿ ಕಿಡ್ನಿ ಅಂದ ಕೂಡಲೇ ಡ್ರಿಪ್ ಬಾಟಲಿ ಕಪಾಟಿಗೆ ವಾಪಸ್ ಹೋಗುತ್ತದೆ. ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುವ ನಮ್ಮ ಕಿಡ್ನಿ ತಜ್ಞರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಇತ್ತ ಆಂಬ್ಯುಲೆನ್ಸಿಗೆ ಹೇಳಲೇ ಎಂದು ಟೆಕ್ನಿಷಿಯನ್ ಕೇಳುತ್ತಿದ್ದಾನೆ, ಅತ್ತ ನೇಕಾರಮ್ಮನ ಗಂಡ ಯಾರ ಮುಖ ನೋಡಬೇಕೆಂದು ತಿಳಿಯದೆ ನಿಂತಿದ್ದಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿತ್ತು ನಮ್ಮ ವಿಭಾಗ.

ಯಲಹಂಕದ ಟ್ರಾಫಿಕ್ ದಾಟಿ, ಅಲ್ಲಿ ತುರ್ತು ವಿಭಾಗದಲ್ಲಿ ಹೆಸರು ಬರೆಸಿ, ಯಾರಾದರೂ ಇವರ ತೋಳು ಮುಟ್ಟಿ ನೋಡುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ನಾನು ಡಾಕ್ಟರನ್ನು ಪಕ್ಕಕ್ಕೆ ಕರೆದೆ.

"ಸಾರ್, ಕಳಿಸೋಣ, ಬೇಡ ಅನ್ನಲ್ಲ. ಆದ್ರೆ ತುಂಬಿಸಿ ಕಳಿಸೋಣ. ಹೀಗೇ ಕಳಿಸಿದ್ರೆ ದಾರೀಲೇ ಆ ಕೈ ಸತ್ತೋಗತ್ತೆ. ಒಂದೇ ಸಲ ಬಾಟ್ಲಿ ಪೂರ್ತಿ ಬೇಡ. ಕಾಲು ಲೀಟರ್ ಹಾಕಿ, ನೀವು ಎದೆ ಕೇಳಿ. ನೀರಿನ ಸದ್ದು ಬಂದ್ರೆ ನಾನೇ ನಿಲ್ಲಿಸ್ತೀನಿ. ಯಂತ್ರ ಇಲ್ಲೇ ಇದೆ, ಜಾಸ್ತಿಯಾಗಿದ್ದನ್ನ ತೆಗೆಯೋಕೆ ನಮಗೆ ಬರತ್ತೆ. ಕಮ್ಮಿ ಆಗಿದ್ದಕ್ಕೆ ಕೈ ಹೋದ್ರೆ ವಾಪಸ್ ತರೋಕೆ ಬರಲ್ಲ."

ಅವರು ನೇಕಾರಮ್ಮನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಪಾದ ಒತ್ತಿ ನೋಡಿದರು, ಕತ್ತಿನ ನಾಳ ನೋಡಿದರು, ಬೆರಳಿನಿಂದ ಚರ್ಮ ಚಿವುಟಿ ಬಿಟ್ಟರು. ಅದು ಎದ್ದು ನಿಂತೇ ಇತ್ತು. "ಹಾಕಿ ಸಿಸ್ಟರ್, ನಾನು ಇಲ್ಲೇ ಇರ್ತೀನಿ," ಅಂದರು. ಆ ಹುಡುಗನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಸೂಜಿ ಹಾಕುವುದೇ ಒಂದು ಯುದ್ಧವಾಯಿತು. ಬಲಗೈ ಮುಟ್ಟುವ ಹಾಗಿಲ್ಲ. ಎಡಗೈಯ ನಾಳಗಳೆಲ್ಲ ಬತ್ತಿ ಅಂಟಿಕೊಂಡಿದ್ದವು. ಬಿಸಿನೀರಿನ ಬಟ್ಟೆ ಸುತ್ತಿ, ಕೈಯನ್ನು ಮಂಚದಿಂದ ಇಳಿಬಿಟ್ಟು, ಮೊದಲ ಸಲ ತಪ್ಪಿ, ಎರಡನೇ ಸಲ ಅಂಗೈ ಹಿಂಬದಿಯಲ್ಲಿ ತೆಳ್ಳನೆಯ ಸೂಜಿ ಕೂತಿತು. ಪೊಟ್ಯಾಸಿಯಂ ನೋಡಲು ರಕ್ತ ಕಳಿಸಿ ಸಲೈನ್ ಬಿಟ್ಟೆವು.

ಪಕ್ಕದ ಹಾಸಿಗೆಯಲ್ಲಿ ನಾವೆಲ್ಲ ಯಜಮಾನರು ಎಂದು ಕರೆಯುವ ರೋಗಿ ಕೂತು ಎಲ್ಲ ನೋಡುತ್ತಿದ್ದರು. ನಲ್ಲೂರು ಕಡೆಯ ದ್ರಾಕ್ಷಿ ತೋಟದವರು, ಆ ಸರದಿಗೆಲ್ಲ ಹಿರಿಯರು, ಎಲ್ಲರ ಮನೆಯ ಸುದ್ದಿಯೂ ಅವರಿಗೆ ಬೇಕು. ಅವತ್ತು ಅವರಿಗೆ ಯಂತ್ರ ಇನ್ನೂ ಹಾಕಿರಲಿಲ್ಲ. ನೇಕಾರಮ್ಮನ ಸೀಳಿದ ತುಟಿ ನೋಡಿ ತಡೆಯಲಾಗದೆ ಚೀಲದಿಂದ ಒಂದು ಫ್ಲಾಸ್ಕ್ ತೆಗೆದು, ಒಂದು ತುಂಡು ಐಸ್ ಹಿಡಿದು ಎದ್ದು ಬಂದರು. "ಬಾಯ್ ಬಿಡವ್ವ, ನಾಲಿಗೆ ಒಣಗೋಗದೆ," ಅಂದರು. ಎರಡು ದಿನದಿಂದ ಹನಿ ನೀರು ಮುಟ್ಟದ ನೇಕಾರಮ್ಮ ಮರುಮಾತಿಲ್ಲದೆ ಬಾಯಿ ತೆರೆದರು. ಐಸ್ ನಾವು ಒಪ್ಪಿದ್ದಲ್ಲವೇ.

ನಾನು ಯಜಮಾನರ ಕೈ ಹಿಡಿದು ತಡೆದೆ. "ಎಲ್ಲಿಂದು ಯಜಮಾನ್ರೇ ಈ ಐಸು?"

ಮನೆಯ ಫ್ರಿಜ್ ಕೆಟ್ಟು ಹೋದ ವಾರದಿಂದ ರಿಪೇರಿಗೆ ಹೋಗಿದೆಯಂತೆ. ಬಸ್ಸಿಳಿದ ಕೂಡಲೇ ಕಬ್ಬಿನ ಹಾಲಿನ ಗಾಡಿಯವನ ಹತ್ತಿರ ಒಂದಷ್ಟು ಒಡೆಸಿಕೊಂಡು ಬರುತ್ತಾರಂತೆ. ಗೋಣಿಚೀಲದಲ್ಲಿ ಸುತ್ತಿ ಫುಟ್‌ಪಾತಿನ ಮೇಲೆ ಇಟ್ಟ ದೊಡ್ಡ ದಿಮ್ಮಿ, ಅದನ್ನು ಎಲ್ಲರೂ ನೋಡಿದ್ದೇವೆ. ನಾವು ಬೇರೆ ಕೆಲಸದಲ್ಲಿದ್ದಾಗ ಸರದಿಗೆಲ್ಲ ಹಂಚುತ್ತಿದ್ದರು. ಎಲ್ಲರೂ ತೆಗೆದುಕೊಳ್ಳುತ್ತಿರಲಿಲ್ಲ. ಯಾರ್‍ಯಾರು ತಗೊಂಡರು ಅಂತ ಕೇಳಿದೆ. ಕಂಡಕ್ಟರು, ಡೈರಿಯವರು, ನೇಕಾರಮ್ಮ.

"ನೀವು ತಿನ್ನಲಿಲ್ವಾ?"

"ನಂಗೆಲ್ಲವ್ವ, ಹಲ್ಲು ಜುಮ್ ಅಂತದೆ. ಇವ್ರೆಲ್ಲ ಬಾಯಾರ್ಕೊಂಡು ಒದ್ದಾಡ್ತಾರಲ್ಲ ಅಂತ ತರ್ತಿದ್ದೆ."

ಐಸ್ ನೆಲಕ್ಕೆ ಎಸೆಯಲಿಲ್ಲ, ಕೂಗಾಡಲೂ ಇಲ್ಲ. ಫ್ಲಾಸ್ಕ್ ಇಸಿದುಕೊಂಡು ಟೆಕ್ನಿಷಿಯನ್ ಕೈಗೆ ಕೊಟ್ಟೆ. ಕರಗಿದ ನೀರನ್ನು ತಾಲೂಕು ಆರೋಗ್ಯದವರು ಕೊಟ್ಟಿದ್ದ ಪರೀಕ್ಷೆಯ ಬಾಟಲಿಗೆ ಹಾಕಿಡಲು ಹೇಳಿದೆ. ಕೊಳಚೆಯ ರೋಗಾಣು ಇದ್ದರೆ ಅದು ಕಪ್ಪಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಹಾಗೆ ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ. ಆದರೆ ಅವರಿಗೆ ಆಗಲೇ ಅರ್ಥವಾಗಿತ್ತು. ತಮ್ಮ ಹಾಸಿಗೆಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು.

ಮೊದಲ ಕಾಲು ಲೀಟರ್ ಮುಗಿಯಿತು. ಡಾಕ್ಟರು ಎದೆ ಕೇಳಿದರು, ಸದ್ದಿಲ್ಲ. ಬಿಪಿ ಸ್ವಲ್ಪ ಏರಿತ್ತು, ತೋಳು ಹಾಗೇ ಇತ್ತು. ಎರಡನೆಯದಕ್ಕೆ ಕೈ ಹಾಕಿದಾಗ ಕಿಡ್ನಿ ತಜ್ಞರ ಫೋನ್ ಬಂತು. ನಾನು ಹೇಳಿದ್ದೆಲ್ಲ ಕೇಳಿ, ಮಾಡಿದ್ದು ಸರಿ, ಹೀಗೇ ಸ್ವಲ್ಪ ಸ್ವಲ್ಪ ಮುಂದುವರಿಸಿ, ಫಿಸ್ಟುಲಾಕ್ಕೆ ಇವತ್ತು ಸೂಜಿ ಬೇಡ, ಪೊಟ್ಯಾಸಿಯಂ ಕೈಗೆ ಮೀರಿಲ್ಲದಿದ್ದರೆ ಡಯಾಲಿಸಿಸ್ ನಾಳೆ, ಅದೂ ನೀರು ತೆಗೆಯದೆ ಅಂದರು. ಕಿಡ್ನಿ ಇಲ್ಲದವರಿಗೆ ಹೊಂದುವ ಆಂಟಿಬಯಾಟಿಕ್ ಹೇಳಿದರು, ಪ್ರಮಾಣವನ್ನೂ ಹೇಳಿದರು. ಮಧ್ಯಾಹ್ನದೊಳಗೆ ಝೇಂಕಾರ ಬರದಿದ್ದರೆ ಕಾಯಬೇಡಿ, ಕಳಿಸಿ, ಇಲ್ಲಿ ಸರ್ಜನ್ ಹತ್ತಿರ ಮಾತಾಡಿಟ್ಟಿರುತ್ತೇನೆ ಅಂದರು.

ಎರಡನೆಯದೂ ಮುಗಿಯಿತು. ನಾನು ಬೆರಳಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಸ್ಟೆತಸ್ಕೋಪ್ ಹಚ್ಚಿದರೆ ದೂರದಲ್ಲಿ ಏನೋ ಉಸಿರಾಡಿದ ಹಾಗೆ, ಅಷ್ಟೇ. ಆಂಬ್ಯುಲೆನ್ಸ್ ಅಂಗಳಕ್ಕೆ ಬಂದು ನಿಂತಿತು. ಮೂರನೆಯದು ಅರ್ಧವಾಗಿತ್ತು. ನಾನು ಕಾಲಿಗೆ ಬಿಪಿ ಪಟ್ಟಿ ಕಟ್ಟುತ್ತಿದ್ದೆ, ನೇಕಾರಮ್ಮ ಕಣ್ಣು ಮುಚ್ಚಿ ಎಡಗೈ ಬೆರಳುಗಳನ್ನು ಬಲ ತೋಳಿನ ಮೇಲಿಟ್ಟು ಮಲಗಿದ್ದರು.

"ಬಂತು ಸಿಸ್ಟರ್," ಅಂದರು, ಕಣ್ಣು ತೆರೆಯದೆ.

ನಾನು ಮುಟ್ಟಿ ನೋಡಿದೆ. ಮೊದಲು ನನಗೆ ಏನೂ ಸಿಗಲಿಲ್ಲ. ಆಮೇಲೆ ಸಿಕ್ಕಿತು, ಸಣ್ಣದಾಗಿ, ಆದರೆ ನಿಲ್ಲದೆ. ಡಾಕ್ಟರು ಬಂದು ಮುಟ್ಟಿದರು. ಗಂಡನ ಕೈಯನ್ನೂ ಹಿಡಿದು ಮುಟ್ಟಿಸಿದೆ, ಆತ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟರು. ನನಗೂ ಅಳು ಬಂತು. ಬಿಪಿ ಪಟ್ಟಿ ಬಿಚ್ಚುವ ನೆಪದಲ್ಲಿ ತಿರುಗಿ ನಿಂತೆ. ಸಂಜೆಯ ಹೊತ್ತಿಗೆ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತಿತ್ತು, ಆಂಬ್ಯುಲೆನ್ಸ್ ಖಾಲಿ ಹೋಯಿತು. ಪೊಟ್ಯಾಸಿಯಂ ಮಿತಿಯಲ್ಲೇ ಇತ್ತು, ಮರುದಿನ ಡಯಾಲಿಸಿಸ್‌ಗೆ ಆ ತೋಳಿಗೇ ಸೂಜಿ ಹಾಕಿದೆವು.

ಪರೀಕ್ಷೆಯ ಬಾಟಲಿ ಕಪ್ಪಾಯಿತು. ಶುಕ್ರವಾರ ಕಲ್ಚರಿನ ವರದಿಯೂ ಬಂತು, ಇಬ್ಬರದರಲ್ಲೂ ಶಿಗೆಲ್ಲಾ ಎಂಬ ರೋಗಾಣು, ರಕ್ತಭೇದಿ ತರುವಂಥದ್ದು. ಕೊಟ್ಟಿದ್ದ ಔಷಧಿಗೆ ಅದು ಬಗ್ಗುವುದಾಗಿತ್ತು. ಆರೋಗ್ಯ ಇಲಾಖೆಗೆ ತಿಳಿಸಿದೆವು, ಅವರು ಐಸಿನ ಗಾಡಿಗಳ ಹಿಂದೆ ಹೋದರು. ವಿಭಾಗ ಮುಚ್ಚುವ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಶುಕ್ರವಾರ ಯಜಮಾನರು ಬರುವುದಿಲ್ಲವೇನೋ ಎಂಬ ಆತಂಕ ನನಗಿತ್ತು. ಒಂದು ಸರದಿ ತಪ್ಪಿದರೂ ಅವರಿಗೆ ಕಷ್ಟ. ಬೆಳಿಗ್ಗೆಯೇ ಫೋನ್ ಮಾಡಿ, ಬರದಿದ್ದರೆ ನಿಮ್ಮ ತೋಟಕ್ಕೇ ಯಂತ್ರ ಹೊತ್ತು ತರುತ್ತೇನೆ ಅಂತ ಗದರಿಸಿದೆ. ಬಂದರು. ಯಾರ ಕಡೆಯೂ ನೋಡದೆ ಟವೆಲ್ ಮುಖದ ಮೇಲೆ ಹಾಕಿಕೊಂಡು ಮಲಗಿದರು. ಇನ್ನೂ ನಮ್ಮ ನಿಗಾದಲ್ಲೇ ಮೂಲೆಯ ಹಾಸಿಗೆಯಲ್ಲಿದ್ದ ನೇಕಾರಮ್ಮ ದನಿ ಏರಿಸಿ ಮಾತಾಡಿಸಿದರು.

"ದೊಡ್ಡಪ್ಪಾ, ನಮಗೆಲ್ರೂ ಕುಡೀಬೇಡ ಅಂತಾನೇ ಹೇಳೋದು. ಬಾಯಾರಿದ್ಯಾ ಅಂತ ಕೇಳಿದ್ದು ನೀವೊಬ್ರೇ ಕಣ್ರೀ."

ಯಜಮಾನರು ಟವೆಲ್ ಸರಿಸಿ, ಹೊಟ್ಟೆ ಹೆಂಗದೆ ಈಗ ಅಂತ ಕೇಳಿದರು. ನೇಕಾರಮ್ಮನ ಮಾತು ಅವರಿಗಷ್ಟೇ ಅಲ್ಲ, ನನಗೂ ತಾಗಿತು.

ಆ ವಾರದಿಂದ ನಮ್ಮಲ್ಲಿ ಪಾಠ ಬದಲಾಗಿದೆ. ಐಸ್ ಬೇಕಾದರೆ ಕುದಿಸಿ ಆರಿಸಿದ ನೀರಿನದು, ಮನೆಯಲ್ಲೇ ಮಾಡಿದ್ದು. ಭೇದಿಯ ದಿನ ನೀರಿನ ಲೆಕ್ಕ ಬೇರೆ. ಎಷ್ಟು ಸಲ ಹೋಯಿತು, ತೂಕ ಎಷ್ಟು ಇಳಿಯಿತು ನೋಡಿ ನಮ್ಮನ್ನು ಕೇಳಿ ಕುಡಿಯಬೇಕು. ಓಆರ್‌ಎಸ್‌ನಲ್ಲೂ ಪೊಟ್ಯಾಸಿಯಂ ಇರುತ್ತದೆ, ಅದನ್ನೂ ಕೇಳಿಯೇ ಕುಡಿಯಬೇಕು. ಕೈಯ ಝೇಂಕಾರ ಕಡಿಮೆಯಾದರೆ ಸರದಿ ಗಿರದಿ ನೋಡದೆ ಓಡಿ ಬರಬೇಕು. ಇದನ್ನು ಎಲ್ಲರೂ ಬೇಗ ಕಲಿತರು, ಬೇಡ ಅಂದದ್ದನ್ನು ಮಾಡುವುದರಲ್ಲಿ ಅವರೆಲ್ಲ ಮೊದಲೇ ಪಳಗಿದವರು. ಕಷ್ಟವಾದದ್ದು ನೇಕಾರಮ್ಮನಿಗೆ. ಪ್ರತಿ ಸಲವೂ ಅವರ ಪಕ್ಕ ಕೂತು, ನನ್ನ ಮಾತನ್ನು ಯಾವಾಗ ಕೇಳಬಾರದು ಅನ್ನುವುದನ್ನು ಅವರಿಗೆ ಹೇಳಿಕೊಡುತ್ತಿದ್ದೆ. ಅವರು ಅದಕ್ಕೂ ವಿಧೇಯರಾಗಿ ತಲೆಯಾಡಿಸುತ್ತಿದ್ದರು, ನನಗೆ ನಂಬಿಕೆ ಬರುತ್ತಿರಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ ನಾನು ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಫೋನ್ ಬಂತು. ಹಿಂದೆ ಸ್ಕೂಟರಿನ ಸದ್ದು.

"ಸಿಸ್ಟರ್, ಇವತ್ತು ನನ್ ಸರದಿ ಅಲ್ಲ," ಅಂದರು ನೇಕಾರಮ್ಮ. "ಹೊಟ್ಟೆ ಯಾಕೋ ಗುಡುಗುಡು ಅಂತಿದೆ. ಆಸ್ಪತ್ರೆಗೆ ಹೊರಟಿದೀನಿ. ಅರ್ಧ ದಾರಿಗೆ ಬಂದಾಯ್ತು, ವಾಪಸ್ ಹೋಗು ಅಂದ್ರೂ ಹೋಗಲ್ಲ."

ಒಲೆ ಆರಿಸಿ ಹೊರಟೆ. ಅವರಿಗೆ ಏನೂ ಆಗಿರಲಿಲ್ಲ, ಹಿಂದಿನ ದಿನ ತಿಂದ ಹಲಸಿನಹಣ್ಣು. ಹಲಸಿನಲ್ಲೂ ಪೊಟ್ಯಾಸಿಯಂ ತುಂಬಿರುತ್ತದೆ, ತಿಂದದ್ದಕ್ಕೆ ಬೈಯುವುದು ನನ್ನ ಕರ್ತವ್ಯವಾಗಿತ್ತು. ಬೈಯಲಿಲ್ಲ.